35 ಅಂತ ಯಾರೂ ಬಾಯಿ ಬಿಡಲಿಲ್ಲ

ನಾನು ಹುಬ್ಬಳ್ಳಿಯ ಒಂದು ಸರ್ಕಾರಿ ಉದ್ಯಮದಲ್ಲಿ ಫಿಟರ್, ಯೂನಿಯನ್ ಕಮಿಟಿಯಲ್ಲೂ ಇದ್ದೇನೆ. 1947ರ ಕೈಗಾರಿಕಾ ವಿವಾದ ಕಾಯ್ದೆ ಇನ್ನೂ ಜಾರಿಯಲ್ಲಿದ್ದಾಗ ನೈಟ್ ಶಿಫ್ಟ್ ಭತ್ಯೆಗಾಗಿ ಕೂತ ಆ ಮೀಟಿಂಗ್ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನಾವು ಕೇಳಿದ್ದು ರಾತ್ರಿಗೆ 60 ರೂಪಾಯಿ. ಮ್ಯಾನೇಜ್‌ಮೆಂಟ್ ಹೇಳಿದ್ದು 20. 35ಕ್ಕೆ ಮುಗಿಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಹೊರಗೆ ಚಹಾ ಕುಡಿಯುವಾಗ ಮ್ಯಾನೇಜ್‌ಮೆಂಟ್ ಕಡೆಯ ಸಿಬ್ಬಂದಿ ಅಧಿಕಾರಿ ಬಾಯಲ್ಲೂ ಅದೇ ಅಂಕಿ ಬಂದಿತ್ತು. ಒಳಗೆ ಬಂದು ಕೂತ ಮೇಲೆ ಎಲ್ಲರೂ ಗಪ್‌ಚುಪ್. ಎರಡೂ ಕಡೆಯವರನ್ನು ಒಪ್ಪಿಸಲು ಕೂತ ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿ ಒಮ್ಮೆ ಇತ್ತ, ಒಮ್ಮೆ ಅತ್ತ ನೋಡಿದರು. ನಮ್ಮ ಕಾರ್ಯದರ್ಶಿ ಪೆನ್ನಿನ ಕ್ಯಾಪ್ ತೆಗೆಯುತ್ತಾ ಹಾಕುತ್ತಾ ಕೂತಿದ್ದರು.

"ಮೂವತ್ತೈದು ಅಂದ್ಬಿಡ್ರಿ ಅಣ್ಣಾರ" ಅಂತ ನಾನು ಅವರ ಕಿವಿಯಲ್ಲಿ ಹೇಳಿದೆ.

"ಸುಮ್ನಿರೋ ತಮ್ಮಾ. ಈಗ 35 ಅಂದ್ರ, ನಾಳೆ ಟ್ರಿಬ್ಯೂನಲ್‌ನಾಗ 20ಕ್ಕೂ 35ಕ್ಕೂ ನಡುವ ಗೆರಿ ಹೊಡೀತಾರ." ರಾಜಿ ಆಗದಿದ್ದರೆ ಸರ್ಕಾರ ವಿವಾದವನ್ನು ಟ್ರಿಬ್ಯೂನಲ್‌ಗೆ, ಅಂದರೆ ಕೈಗಾರಿಕಾ ನ್ಯಾಯಮಂಡಳಿಗೆ, ತೀರ್ಪಿಗಾಗಿ ಕಳಿಸಬಹುದಿತ್ತು; ಅದಕ್ಕೇ ರೆಫರ್ ಅನ್ನೋದು.

ಅತ್ತ ಕಡೆಯ ಲೆಕ್ಕವೂ ಅದೇ, ಜೊತೆಗೆ ಆಡಿಟ್ ಭಯ. "ರೆಫರ್ ಆಗ್ಲಿ ಬಿಡ್ರಿ. ಆರ್ಡರ್ ಬಂದ್ರ ಕೊಡೂಣು, ನಾವ್ಯಾಕ ಸಹಿ ಹಾಕೂದು?" ಅಂದರು ಸಾಹೇಬರು. ರಾಜಿ ವಿಫಲ ಅಂತ ವರದಿ ಹೋಯಿತು.

ಸರ್ಕಾರಿ ಕೆಲಸದಲ್ಲಿ ಈ ರೋಗ ಜಾಸ್ತಿ. ಮೂರನೆಯವರು ಹೇಳಿದರೆ ಅಧಿಕಾರಿಯ ಮೇಲೆ ಮಾತು ಬರುವುದಿಲ್ಲ, ಕಡಿಮೆ ಸಿಕ್ಕರೆ ಯೂನಿಯನ್ ಮೇಲೂ ಬರುವುದಿಲ್ಲ. ನಮ್ಮ ಕಡೆ ಒತ್ತಡ ಹಾಕುವ ದಾರಿಯೂ ಕಿರಿದು. ಆ ಕಾಯ್ದೆಯಲ್ಲಿ, ಸಾರ್ವಜನಿಕ ಸೇವೆ ಆದ್ದರಿಂದ ಮುಷ್ಕರಕ್ಕೆ ನೋಟಿಸ್ ಕೊಟ್ಟು 14 ದಿನ ಕಾಯಬೇಕಿತ್ತು. ರಾಜಿ ನಡೆಯುವಾಗ ಮುಷ್ಕರ ಮಾಡುವಂತಿರಲಿಲ್ಲ. ರೆಫರ್ ಆದ ಮೇಲೆ ಕಲಂ 10(3)ರಲ್ಲಿ ಸರ್ಕಾರ ಮುಷ್ಕರಕ್ಕೆ ನಿಷೇಧವನ್ನೇ ಹಾಕಬಹುದಿತ್ತು. ಕರೆಂಟು, ನೀರು, ಬಸ್ಸು ನಿಂತರೆ ಜನ ಒದ್ದಾಡುತ್ತಾರೆ, ಹಾಗಾಗಿ ಮಧ್ಯಸ್ಥಿಕೆ, ಅಂದರೆ ಮೂರನೆಯವರ ತೀರ್ಪು, ಬೇಕೇ ಬೇಕು. ಆದರೆ ಅದು ಕೊನೆಯ ಬಾಗಿಲು ಅಲ್ವಾ? ನಾವು ಅದನ್ನೇ ಹೆಬ್ಬಾಗಿಲು ಮಾಡಿಕೊಂಡೆವು. ಹೊಸ ಹುಡುಗರಿಗೆ ಟ್ರಿಬ್ಯೂನಲ್‌ಗೆ ಬೇಡಿಕೆಯ ಕ್ಲೇಮ್ ಸ್ಟೇಟ್‌ಮೆಂಟ್ ಬರೆಯೋದು ಗೊತ್ತು, ಎದುರು ಕೂತು ಚೌಕಾಶಿ ಮಾಡೋದು ಗೊತ್ತಿಲ್ಲ. ಅವತ್ತೇ ರಾಜಿ ಅಧಿಕಾರಿಯ ಮುಂದೆ ಕಲಂ 12(3)ರ ರಾಜಿ ಒಪ್ಪಂದ ಆಗಿದ್ದರೆ ಮುಂದೆ ಸೇರುವವರಿಗೂ ಅದು ಅನ್ವಯಿಸುತ್ತಿತ್ತು.

ಅಮೆರಿಕದ ಅಯೋವಾ ರಾಜ್ಯ ಸರ್ಕಾರಿ ನೌಕರರಿಗಾಗಿ 1974ರಲ್ಲಿ ಮಾಡಿದ ಕಾನೂನಿನಲ್ಲಿ ಮಧ್ಯಸ್ಥಗಾರ ನಡುವೆ ಗೆರೆ ಹೊಡೆಯುವಂತಿರಲಿಲ್ಲ. ಮುಂದಿರುವ ಪ್ರಸ್ತಾವಗಳಲ್ಲೇ ಒಂದನ್ನು ಆರಿಸಬೇಕಿತ್ತು. ಹಾಗಿದ್ದರೆ 60 ಅಂತ ಹಟ ಹಿಡಿಯಲು ನಮಗೂ ಭಯ, 20ಕ್ಕೆ ಅಂಟಿಕೊಳ್ಳಲು ಅವರಿಗೂ ಭಯ. ಇಲ್ಲಿ ಅಂಥ ನಿಯಮ ಬರುವ ತನಕ ನಮ್ಮ ಕಮಿಟಿಯ ಪಟ್ಟು ಒಂದೇ: ಸಹಿ ಹಾಕುವ ಅಧಿಕಾರ ಇರುವವರನ್ನೇ ಮೀಟಿಂಗ್‌ಗೆ ಕಳಿಸಿ.