ಕ್ವಾರಿ ನೀರಿನಲ್ಲಿ ಸಾವು, ಕಾರೊನರ್ ಮುಂದಿನ ನಾಲ್ಕು ಪ್ರಶ್ನೆಗಳು

ಇಂಗ್ಲೆಂಡಿನ ಲೆಸ್ಟರ್ ನಗರದಿಂದ ಹಿಂಕ್ಲಿ ಕಡೆಗೆ ಹೊರಟರೆ ಸ್ಟೋನಿ ಸ್ಟಾಂಟನ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿಯ ಗ್ರಾನೈಟ್ ಕ್ವಾರಿಯಲ್ಲಿ 1958ರಲ್ಲಿ ಕೆಲಸ ನಿಂತು, ಒರತೆಯ ನೀರು ತುಂಬಿಕೊಂಡು, ಇಂದು ಸ್ಟೋನಿ ಕೋವ್ ಎಂದು ಹೆಸರಾದ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಇಳಿಯುವ) ತರಬೇತಿಯ ತಾಣವಾಗಿದೆ. ಕಲ್ಲು ತೆಗೆದ ಹಂತಗಳು ಒಂದರ ಕೆಳಗೊಂದು ಹಾಗೆಯೇ ಉಳಿದಿವೆ. ಅತ್ಯಂತ ಆಳದ ಜಾಗ ಸುಮಾರು 35 ಮೀಟರ್. ಡೈವರುಗಳು ನೋಡಲೆಂದು 2000ದಲ್ಲಿ ಸ್ಟೇನ್‌ಗಾರ್ತ್ ಎಂಬ ಹಳೆಯ ಟಗ್ ಹಡಗನ್ನು ಇಲ್ಲಿ ಬೇಕೆಂದೇ ಮುಳುಗಿಸಿದರು. ಸಮುದ್ರ ದೂರವಿರುವ ಈ ಒಳನಾಡಿನಲ್ಲಿ ಅಲೆಯೂ ಇಲ್ಲದ, ಸೆಳೆತವೂ ಇಲ್ಲದ ನೀರು ಕಲಿಯುವವರಿಗೆ ಅನುಕೂಲವೇ. ಆದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಬೆಚ್ಚನೆಯ ಸಮುದ್ರದಲ್ಲಿ ಇಳಿದವರು ಇದನ್ನೂ ಅಂಥದ್ದೇ ಎಂದುಕೊಳ್ಳಬಾರದು. ಚಳಿಗಾಲದಲ್ಲಿ ಇಲ್ಲಿಯ ನೀರು ಮನೆಯ ಫ್ರಿಜ್ಜಿನೊಳಗಿನಷ್ಟು ತಣ್ಣಗಿರುತ್ತದೆ, ತಳದ ಹೂಳನ್ನು ಒಬ್ಬರು ಕಾಲಿನಿಂದ ಕದಡಿದರೆ ಹಿಂದೆ ಬರುವವರಿಗೆ ತಮ್ಮ ಕೈಯೇ ಕಾಣುವುದಿಲ್ಲ.

ಅಪಘಾತಗಳಿಗೆ ಕಾರಣ ಹುಡುಕುವವರು ಸಾಮಾನ್ಯವಾಗಿ ಮೊದಲು ನೋಡುವುದು ಗಾಳಿಯ ಲೆಕ್ಕ. 12 ಲೀಟರಿನ ಸಿಲಿಂಡರಿಗೆ 232 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಸುಮಾರು 2,700 ಲೀಟರ್ ಗಾಳಿ ಸಿಗುತ್ತದೆ. ದಡದಲ್ಲಿ ನಿಮಿಷಕ್ಕೆ 25 ಲೀಟರ್ ಎಳೆದುಕೊಳ್ಳುವವನಿಗೆ 30 ಮೀಟರ್ ಆಳದಲ್ಲಿ ಹೆಚ್ಚಿದ ಒತ್ತಡದಿಂದಾಗಿ ಅದರ ನಾಲ್ಕು ಪಟ್ಟು, ಅಂದರೆ 100 ಲೀಟರ್ ಬೇಕಾಗುತ್ತದೆ. ಅರ್ಧ ಗಂಟೆಯೊಳಗೆ ಸಿಲಿಂಡರ್ ಖಾಲಿ, ಗಾಬರಿಯಿಂದ ಏದುಸಿರು ಬಿಟ್ಟರೆ ಇನ್ನೂ ಬೇಗ. ಅತಿ ತಣ್ಣನೆಯ ನೀರಿನಲ್ಲಿ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರಿನೊಳಗೆ ಮಂಜುಗಟ್ಟಿ, ಅದು ಮುಚ್ಚಿಕೊಳ್ಳದೆ ಗಾಳಿಯನ್ನು ಒಂದೇ ಸಮನೆ ಸುರಿಯತೊಡಗಿದರೆ ಕೆಲವೇ ನಿಮಿಷ. ಆಗ ಮೇಲಕ್ಕೆ ಧಾವಿಸಬೇಕೆನಿಸುವುದು ಸಹಜ, ಅಪಾಯವಿರುವುದೂ ಅಲ್ಲಿಯೇ. ಕೊನೆಯ 10 ಮೀಟರಿನಲ್ಲಿ ಶ್ವಾಸಕೋಶದೊಳಗಿನ ಗಾಳಿ ಎರಡು ಪಟ್ಟು ಹಿಗ್ಗುವುದರಿಂದ, ಉಸಿರು ಬಿಗಿಹಿಡಿದು ಮೇಲೇರಿದವನ ಶ್ವಾಸಕೋಶ ಹರಿದು, ಗುಳ್ಳೆಗಳು ರಕ್ತನಾಳ ಸೇರಿ ಮಿದುಳಿಗೆ ಏರಬಹುದು. ಇವೆಲ್ಲಕ್ಕಿಂತ ಬೇರೆಯದು ನೀರಿಗಿಳಿದಾಗಲೇ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವ ಸಮಸ್ಯೆ. ಹೃದ್ರೋಗ ತಜ್ಞ ಪೀಟರ್ ವಿಲ್ಮ್ಸ್‌ಹರ್ಸ್ಟ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ಹೆಚ್ಚು ರಕ್ತದೊತ್ತಡ ಇರುವ ಮಧ್ಯವಯಸ್ಕರು ಇದನ್ನು ಗಂಭೀರವಾಗಿ ಪರಿಗಣಿಸಬೇಕು, ಏಕೆಂದರೆ ಸಿಲಿಂಡರಿನಲ್ಲಿ ಸಾಕಷ್ಟು ಗಾಳಿಯಿದ್ದಾಗಲೂ ಉಸಿರು ಕಟ್ಟಿದಂತಾಗಿ ಅವರು ಸಾಯಬಹುದು, ಮತ್ತು ಶವಪರೀಕ್ಷೆಯಲ್ಲಿ ಅದು ಮುಳುಗಿ ಸತ್ತಂತೆಯೇ ತೋರಬಹುದು.

ವೇಲ್ಸಿನ ನಾಂಟ್ಲ್ ಕಣಿವೆಯ ಡೊರೊಥಿಯಾ ಕ್ವಾರಿಯ ಕಥೆ ಬೇರೆ. 1970ರಲ್ಲಿ ಮುಚ್ಚಿದ ಈ ಸ್ಲೇಟ್ ಕ್ವಾರಿಯ ಆಳ 100 ಮೀಟರಿಗೂ ಹೆಚ್ಚು. ಡೈವಿಂಗಿಗೆ ಅಧಿಕೃತ ಅನುಮತಿಯಾಗಲಿ, ದಡದಲ್ಲಿ ಸೌಕರ್ಯವಾಗಲಿ ಇರದಿದ್ದರೂ ಆ ಆಳಕ್ಕಾಗಿಯೇ ಜನ ಬಂದರು. 1994ರಿಂದ 2004ರವರೆಗಿನ ದಶಕದಲ್ಲಿ 21 ಡೈವರುಗಳು ಅಲ್ಲಿ ಸತ್ತರು. ಬೇಲಿ ಹಾಕಿ ಫಲಕ ನೆಟ್ಟರೆ ಸಾಕೆನ್ನುವವರಿಗೆ ಈ ಸಂಖ್ಯೆಯೇ ಉತ್ತರವೆಂದು ನನಗನಿಸುತ್ತದೆ.

ನಮ್ಮ ಊರಿನವರಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸಾವಿನ ನಂತರ ಇಲ್ಲಿ, ಇಂಗ್ಲೆಂಡಿನಲ್ಲಿ, ನಡೆಯುವ ವಿಚಾರಣೆಯ ಬಗ್ಗೆ. ದಡಕ್ಕೆ ತಂದ ಡೈವರ್ ಬದುಕುವುದಿಲ್ಲವೆಂದು ಖಚಿತವಾದೊಡನೆ ಆತನ ಸಲಕರಣೆಯೆಲ್ಲ ಸಾಕ್ಷ್ಯವಾಗುತ್ತದೆ. ಸಿಲಿಂಡರಿನ ವಾಲ್ವನ್ನು ಮುಚ್ಚುವವರು ಅದು ಎಷ್ಟು ಸುತ್ತು ತಿರುಗಿತೆಂದು ಎಣಿಸಿ ಬರೆದಿಡಬೇಕು, ಏಕೆಂದರೆ ವಾಲ್ವ್ ಪೂರ್ತಿ ತೆರೆದಿತ್ತೋ ಅರೆಬರೆ ತೆರೆದಿತ್ತೋ ಎಂಬುದು ಆಮೇಲೆ ಬೇರಾವ ರೀತಿಯಲ್ಲೂ ತಿಳಿಯುವುದಿಲ್ಲ. ಯಾವುದನ್ನೂ ತೊಳೆಯಕೂಡದು, ಬಿಚ್ಚಕೂಡದು. ಮಣಿಕಟ್ಟಿನ ಡೈವ್ ಕಂಪ್ಯೂಟರಿನಲ್ಲಿ ಆಳ ಮತ್ತು ಸಮಯದ ದಾಖಲೆ ಇರುತ್ತದೆ. ಎಲ್ಲಿ ನಿಂತರು, ಎಲ್ಲಿಂದ ಒಮ್ಮೆಲೇ ಮೇಲೆ ಬಂದರು ಎಂಬುದು ಅದರಲ್ಲಿ ಗೆರೆಯಾಗಿ ಮೂಡುತ್ತದೆ. ಜೊತೆಗಾರನ ಸಲಕರಣೆಯನ್ನೂ ಪೊಲೀಸರು ಕೊಂಡೊಯ್ಯಬಹುದು. ಆತನೂ ಗೆಳೆಯನೊಂದಿಗೆ ಅದೇ ವೇಗದಲ್ಲಿ ಮೇಲೇರಿರುವ ಸಾಧ್ಯತೆ ಇರುವುದರಿಂದ ಅವನಿಗೂ ಆಮ್ಲಜನಕ ಕೊಟ್ಟು ವೈದ್ಯರಿಗೆ ತೋರಿಸಬೇಕು, ಅದೇ ದಿನ ಹೇಳಿಕೆಯನ್ನೂ ಪಡೆಯಬೇಕು. ಆ ಮನುಷ್ಯನ ಸ್ಥಿತಿಯನ್ನು ನಾವು ಸಾಕಷ್ಟು ಯೋಚಿಸುವುದಿಲ್ಲ.

ನಾನಿರುವ ಡೈವಿಂಗ್ ಕ್ಲಬ್ಬಿನ ಕೆಲವರೊಡನೆ ಒಮ್ಮೆ ಅಂಥ ಸಾವಿನ ವಿಚಾರಣೆಯನ್ನು ಸಾರ್ವಜನಿಕರ ಆಸನದಲ್ಲಿ ಕುಳಿತು ಕೇಳಿದ್ದೇನೆ. ಕಾರೊನರ್, ಅಂದರೆ ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ, ಉತ್ತರಿಸಬೇಕಾದ ಪ್ರಶ್ನೆಗಳು ನಾಲ್ಕೇ: ಸತ್ತವರು ಯಾರು, ಯಾವಾಗ, ಎಲ್ಲಿ, ಹೇಗೆ. ತಪ್ಪು ಯಾರದೆಂದು ಹೊರಿಸುವ ಅಧಿಕಾರ ಅವರಿಗಿಲ್ಲ. ಇದನ್ನು ಕೇಳಿದಾಗ ಮೊದಲು ನನಗೆ ಇದೇನು ಅರ್ಧ ನ್ಯಾಯ ಎನಿಸಿತ್ತು. ಆದರೆ ಶಿಕ್ಷೆಯ ಭಯವಿಲ್ಲದಿದ್ದುದರಿಂದಲೋ ಏನೋ, ಜೊತೆಗಾರ ಅಳುತ್ತಲೇ ಎಲ್ಲವನ್ನೂ ಹೇಳಿದ. ನೀರಿನಲ್ಲಿ ಕೆಳಗಿಳಿಯಲೆಂದು ಕಟ್ಟಿಕೊಂಡಿದ್ದ ಸೀಸದ ತೂಕವನ್ನು ಕೊನೆಯವರೆಗೂ ಕಳಚಿರಲಿಲ್ಲವೇಕೆ ಎಂದು ಮೃತರ ಹೆಂಡತಿ ನೇರವಾಗಿ ತಜ್ಞರನ್ನೇ ಕೇಳಿದರು, ಅವರು ಸಾವಕಾಶವಾಗಿ ವಿವರಿಸಿದರು. ಮುಂದೆಯೂ ಇಂಥ ಸಾವಾಗಬಹುದೆಂದು ಕಾರೊನರಿಗೆ ಅನಿಸಿದರೆ ಸಂಬಂಧಪಟ್ಟವರಿಗೆ ವರದಿ ಕಳುಹಿಸಬೇಕು, ಅವರು 56 ದಿನಗಳೊಳಗೆ ಉತ್ತರಿಸಬೇಕು. ಹಣ ಪಡೆದು ಕಲಿಸುವವರ ವಶದಲ್ಲಿ ಸತ್ತಿದ್ದರೆ ಉದ್ಯೋಗವಾಗಿ ನಡೆಯುವ ಡೈವಿಂಗ್ ಕುರಿತ 1997ರ ನಿಯಮಗಳನ್ವಯ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆ ಬೇರೆಯಾಗಿ ತನಿಖೆ ನಡೆಸಬಹುದು. ಇದರ ಜೊತೆಗೆ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಪ್ರತಿವರ್ಷ ಅಪಘಾತಗಳ ವರದಿಯನ್ನು ಹೆಸರುಗಳಿಲ್ಲದೆ ಪ್ರಕಟಿಸುತ್ತದೆ.

ಕರ್ನಾಟಕದಲ್ಲಿ ಪಾಳುಬಿದ್ದ ಕ್ವಾರಿ ಹೊಂಡಗಳಲ್ಲಿ ಈಜಲು ಇಳಿದ ಹುಡುಗರು ಸತ್ತರೆ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗಿ, ಪಂಚನಾಮೆ ಮುಗಿದು, ಸುದ್ದಿ ಮರುದಿನವೇ ಹಳತಾಗುವುದನ್ನು ನಾವು ಬಲ್ಲೆವು. ಇಂಗ್ಲೆಂಡಿನ ವ್ಯವಸ್ಥೆಗೂ ಅದರದೇ ಬೆಲೆಯಿದೆ, ಅದು ವಿಳಂಬ. ಆರು ತಿಂಗಳಲ್ಲಿ ಮುಗಿಯಬೇಕೆಂಬ ವಿಚಾರಣೆ ವರ್ಷ ದಾಟುವುದುಂಟು. ಅಂತ್ಯಸಂಸ್ಕಾರ ಆದಷ್ಟು ಬೇಗ ಆಗಬೇಕೆನ್ನುವ ನಮ್ಮ ಮನೆಗಳಿಗೆ ಶವಪರೀಕ್ಷೆಯವರೆಗೆ ಕಾಯುವುದೇ ಕಷ್ಟ. ಆಳದಿಂದ ಬಂದ ದೇಹದಲ್ಲಿ ಸಾವಿನ ನಂತರವೂ ಅನಿಲ ಗುಳ್ಳೆಗಳು ಏಳುವುದರಿಂದ, ಯಾವುದು ಸಾವಿಗೆ ಕಾರಣ, ಯಾವುದು ನಂತರದ್ದು ಎಂದು ಬೇರ್ಪಡಿಸಲು ತಜ್ಞರು ಬೇಕು, ಬೇಗ ಸಿ.ಟಿ. ಸ್ಕ್ಯಾನ್ ಆದರೆ ಒಳ್ಳೆಯದು. ಆದರೆ ವಿಚಾರಣೆ ಮುಗಿಯುವವರೆಗೆ ದೇಹವನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಪರೀಕ್ಷೆ ಸಾಕೆನಿಸಿದರೆ ಕಾರೊನರ್ ದಹನಕ್ಕೆ ಅನುಮತಿ ನೀಡುತ್ತಾರೆ, ಬ್ಯಾಂಕು ಮತ್ತು ವಿಮೆಯ ಕೆಲಸಕ್ಕೆಂದು ತಾತ್ಕಾಲಿಕ ಮರಣ ಪ್ರಮಾಣಪತ್ರವನ್ನೂ ಕೊಡುತ್ತಾರೆ. ಪಾರ್ಥಿವ ಶರೀರವನ್ನು ಭಾರತಕ್ಕೆ ಒಯ್ಯುವುದಾದರೆ ಅದಕ್ಕೂ ಕಾರೊನರಿಗೆ ಪ್ರತ್ಯೇಕ ಅರ್ಜಿ ಹಾಕಬೇಕಾಗುತ್ತದೆ. ಆ ಅರ್ಜಿ ನಮೂನೆಯನ್ನು ಅವರ ಕಚೇರಿಯ ಸಿಬ್ಬಂದಿಯಿಂದ ಮೊದಲ ದಿನವೇ ಕೇಳಿ ಪಡೆಯುವುದು ಒಳ್ಳೆಯದು.