ಮೂರು ತಿಂಗಳು ಕಸ ವಿಂಗಡಿಸಿ ನಿನಗೇನು ಸಿಕ್ತು?

ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಸಾಕು, ಶುರುವಾಗುತ್ತದೆ. "ನೀನು ಅದೆಂಥದೋ ಇಂಟರ್ನ್‌ಶಿಪ್ ಮಾಡಿದ್ಯಲ್ಲ, ಕಸದ್ದು. ಅದ್ರಿಂದ ಏನು ಸಿಕ್ತು?" ಅಂತ ಚಿಕ್ಕಪ್ಪ ಕೇಳುತ್ತಾರೆ. ಕಾಲೇಜಿನ ಜೂನಿಯರ್‌ಗಳು ಅದನ್ನೇ ಸ್ವಲ್ಪ ನಯವಾಗಿ ಕೇಳುತ್ತಾರೆ: "ಅಕ್ಕ, ರೆಸ್ಯೂಮೆಗೆ ಉಪಯೋಗ ಆಗುತ್ತಾ?"

ಮೊದಲು ಚಿಕ್ಕ ಉತ್ತರ. ಕೊಟ್ಟ ಸ್ಟೈಪೆಂಡ್ ಬಸ್ ಚಾರ್ಜಿಗೆ, ಮಧ್ಯಾಹ್ನದ ಊಟಕ್ಕೆ ಸರಿಹೋಯಿತು. ಸರ್ಟಿಫಿಕೇಟ್ ಫೈಲಿನಲ್ಲಿದೆ. ಇದುವರೆಗೆ ಯಾರೂ ಅದನ್ನು ತೆಗೆಸಿ ನೋಡಿಲ್ಲ. ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ. 2023ರ ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಸರಿಯಾಗಿ ಮಳೆಗಾಲದಲ್ಲಿ, ಪರಿಸರದ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಯ ಜೊತೆ ಇದ್ದೆ. ಮಾದಾಪುರದ ಆಚೆ ಕೆಲವು ಹಳ್ಳಿಗಳಲ್ಲಿ ಮನೆ, ಲೈನ್ ಮನೆ (ತೋಟದ ಕೆಲಸಗಾರರ ಸಾಲುಮನೆ), ಹೋಮ್‌ಸ್ಟೇಗಳ ಒಣ ಕಸ ಏನೇನು, ಎಷ್ಟೆಷ್ಟು ಅಂತ ಬರೆದಿಡುವುದು ನನ್ನ ಕೆಲಸ. ಕಾರಣ ಸರಳ. ಅಲ್ಲಿನ ತೋಡಿಗೆ ಬಿದ್ದದ್ದು ಹಟ್ಟಿಹೊಳೆಗೋ ಮಾದಾಪುರ ಹೊಳೆಗೋ ಸೇರುತ್ತದೆ, ಅಲ್ಲಿಂದ ಹಾರಂಗಿಗೆ, ಆಮೇಲೆ ಕಾವೇರಿಗೆ. ನಾವು ಗುಡ್ಡದ ಮೇಲಿರುವವರು. ಎಸೆದದ್ದು ನಮ್ಮ ಕಣ್ಣಿಂದ ಬೇಗ ಮರೆಯಾಗುತ್ತದೆ.

ಹೋಗುವಾಗ ನನ್ನ ತಲೆಯಲ್ಲಿ ಉತ್ತರ ಆಗಲೇ ಸಿದ್ಧವಿತ್ತು. ಕೊಡಗಿನ ಕಸ ಅಂದರೆ ಟೂರಿಸ್ಟ್‌ಗಳ ಕಸ. ಶನಿವಾರ, ಭಾನುವಾರ ಮಾಂದಲಪಟ್ಟಿಗೆ ಹೋಗುವ ಜೀಪುಗಳ ಸಾಲು ನೋಡಿದ ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಅಲ್ವಾ? ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್, ಬಿಯರ್ ಬಾಟಲಿ. ಅವೆಲ್ಲ ಖಂಡಿತ ಇದ್ದವು. ಆದರೆ ಮೂಟೆ ಬಿಚ್ಚಿ ಒಂದೊಂದೇ ಬೇರೆ ಮಾಡಿದಾಗ ಬೇರೆ ರಾಶಿಯೊಂದು ಬೆಳೆಯತೊಡಗಿತು. ಹಾಲಿನ ಕವರ್, ಶಾಂಪೂ ಸ್ಯಾಶೆ, ಮಾತ್ರೆಯ ಸ್ಟ್ರಿಪ್, ಮಗುವಿನ ಡೈಪರ್, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್, ಔಷಧಿ ಹೊಡೆದ ಡಬ್ಬ. ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಗಿಡದ ಕಪ್ಪು ಚೀಲ. ಕಾಫಿ, ಮೆಣಸಿನ ಸಸಿಯನ್ನು ನರ್ಸರಿಯಲ್ಲಿ ಬೆಳೆಸುವ ಪ್ಲಾಸ್ಟಿಕ್ ಚೀಲ ಇದೆಯಲ್ಲ, ಅದು. ಮಳೆ ಹಿಡಿದ ಮೇಲೆ ಗುಂಡಿಯ ಪಕ್ಕದಲ್ಲಿ ಹರಿದು ತೆಗೆದು ಗಿಡ ನೆಡುತ್ತಾರೆ. ಚೀಲ ಅಲ್ಲೇ ಉಳಿಯುತ್ತದೆ. ಸಾವಿರ ಗಿಡ ನೆಟ್ಟರೆ ಸಾವಿರ ಚೀಲ. ನಮ್ಮ ತೋಟದಲ್ಲೂ ಅಷ್ಟೇ. ಚಿಕ್ಕವಳಿದ್ದಾಗ ನಾನೇ ಎಷ್ಟು ಹರಿದಿಲ್ಲ! ಅದು ಕಸ ಅಂತ ಒಮ್ಮೆಯೂ ಅನ್ನಿಸಿರಲಿಲ್ಲ. ತೋಟದ್ದಲ್ವಾ, ತೋಟದಲ್ಲೇ ಇರುತ್ತೆ.

ಇನ್ನು ನನ್ನ ತಪ್ಪಿನ ಕಥೆ. ಮೊದಲ ಎರಡು ವಾರದ ತೂಕವೆಲ್ಲ ಎಕ್ಸೆಲ್‌ಗೆ ಹಾಕಿ, ಬಣ್ಣದ ಗ್ರಾಫ್ ಮಾಡಿ ಮೀಟಿಂಗ್‌ನಲ್ಲಿ ತೋರಿಸಿದೆ. ಕಸದ ಗಾಡಿ ಓಡಿಸುವ ಅಕ್ಕ ಬಾಗಿಲ ಹತ್ತಿರ ಕೂತಿದ್ದರು. ಅವರು ಸಂಜೀವಿನಿ ಅನ್ನುವ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದವರು. ಪಂಚಾಯ್ತಿಯ ಸ್ವಚ್ಛ ವಾಹಿನಿ ಓಡಿಸಲೆಂದೇ ಡ್ರೈವಿಂಗ್ ಕಲಿತವರು. "ಮೇಡಂ, ಮಳೆ ನೀರು ಸೇರಿಸಿ ತೂಗಿದ್ದೀರಾ, ಬಿಟ್ಟಾ?" ಅಂದರು. ಎಲ್ಲರೂ ನಕ್ಕರು. ಚಿಪ್ಸ್ ಪ್ಯಾಕೆಟ್ ಒಳಗೆ ನೀರು ತುಂಬಿಕೊಂಡರೆ ಪ್ಯಾಕೆಟ್‌ಗಿಂತ ನೀರೇ ಭಾರ. ಆ ಎರಡು ವಾರದ ಲೆಕ್ಕ ಪೂರ್ತಿ ಕಸದ ಬುಟ್ಟಿಗೆ ಹೋಯಿತು. ಜುಲೈ ಮಳೆಯಲ್ಲಿ ಒಣಗಿಸುವುದಾದರೂ ಎಲ್ಲಿ? ಅದಕ್ಕೂ ಅಕ್ಕನೇ ದಾರಿ ಹುಡುಕಿದರು. ಮಳೆಗಾಲದಲ್ಲಿ ಕಾಫಿ ಗೋದಾಮು ಖಾಲಿ ಇರುತ್ತದೆ. ಪರಿಚಯದ ತೋಟದವರನ್ನು ಕೇಳಿ, ಒಳಗೆ ಹಗ್ಗ ಕಟ್ಟಿ, ಪ್ಯಾಕೆಟ್‌ಗಳನ್ನು ಬಟ್ಟೆ ಹಾಗೆ ನೇತುಹಾಕಿದೆವು. ನೋಡಿದವರು ಯಾವ ಹಬ್ಬ ಅಂತ ಕೇಳಿದರು. ಅಂದಿನಿಂದ ಯಾವ ಗ್ರಾಫ್ ನೋಡಿದರೂ ಇದನ್ನು ಯಾರು, ಯಾವಾಗ, ಹೇಗೆ ತೂಗಿದರು ಅನ್ನುವ ಅನುಮಾನ ನನಗೆ. ರೆಸ್ಯೂಮೆಯಲ್ಲಿ ಬರೆಯಲು ಬರುವುದಿಲ್ಲ, ಆದರೆ ಸಿಕ್ಕಿದ್ದು ಇದೂ ಒಂದು.

ಮನೆ ಮನೆಗೆ ಹೋಗುವುದು ಸುಲಭ ಇರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ತುಂಬ ಪೆಟ್ಟು ತಿಂದ ಜಾಗ ಅದು. ನಾನಾಗ ಹತ್ತನೇ ಕ್ಲಾಸು. ಆ ಮೇಲೆ ಆ ಊರುಗಳಿಗೆ ಫಾರಂ ಹಿಡಿದು ಬಂದವರಿಗೆ ಲೆಕ್ಕವಿಲ್ಲ. "ಮತ್ತೊಂದು ಸರ್ವೆನಾ? ಬರ್ಕೊಂಡು ಹೋಗಿ" ಅಂತ ಒಬ್ಬರು ಮುಖ ನೋಡದೆ ಹೇಳಿದರು. ನನಗೆ ಬೇಜಾರಾಯಿತು. ಆದರೆ ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಫಾರಂ ಬ್ಯಾಗಿನಲ್ಲೇ ಇಟ್ಟು, ಕಾಫಿ ಕುಡಿದು, ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡೆ.

ಒಂದು ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ನಾನು ಕಲಿತಿದ್ದನ್ನೆಲ್ಲ ಒಪ್ಪಿಸಿದೆ. ಪ್ಲಾಸ್ಟಿಕ್ ಸುಡಬೇಡಿ, ಹೊಗೆ ವಿಷ, ಕಾನೂನೂ ಇದೆ. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಬಚ್ಚಲಿಗೆ ಕರೆದುಕೊಂಡು ಹೋಗಿ ನೀರೊಲೆ ತೋರಿಸಿದರು. "ನೋಡವ್ವ, ಸೌದೆ ಒದ್ದೆ. ಸೀಮೆಣ್ಣೆ ಸಿಗಲ್ಲ. ಹಾಲಿನ ಕವರ್ ಒಂದು ಹಾಕಿದ್ರೆ ಭಗ್ ಅಂತ ಹತ್ಕೊಳ್ಳುತ್ತೆ. ಅದು ಬೇಡ ಅಂದ್ರೆ ಇದನ್ನ ಹತ್ತಿಸೋದು ಹೇಗೆ, ನೀನೇ ಹೇಳು." ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಪೋಸ್ಟರ್‌ನಲ್ಲಿ ಬಚ್ಚಲೇ ಇರಲಿಲ್ಲ. "ಸರಿ, ಸುಡಲ್ಲ. ಗಾಡಿಗೆ ಕೊಡ್ತೀನಿ ಅಂತಿಟ್ಕೋ. ಆಮೇಲೆ ಎಲ್ಲಿಗೆ ಹೋಗುತ್ತೆ?" ಅದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ.

ಉಳಿದ ಒಂದು ತಿಂಗಳು ನಾನು ಮಾಡಿದ್ದು ಅಜ್ಜಿಯ ಎರಡನೇ ಪ್ರಶ್ನೆಯ ಬೆನ್ನು ಹತ್ತುವ ಕೆಲಸ. ಹಾಲಿನ ಕವರ್, ನೀರಿನ ಬಾಟಲಿ, ರಟ್ಟು, ಕಬ್ಬಿಣ ಗುಜರಿಯವರಿಗೆ ಬೇಕು. ಚಿಪ್ಸ್ ಪ್ಯಾಕೆಟ್ ಬಿಟ್ಟಿ ಕೊಟ್ಟರೂ ಬೇಡ. ಅದರಲ್ಲಿ ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳು ಅಂಟಿಕೊಂಡಿರುತ್ತವೆ. ಬಿಡಿಸಲು ಹೋದರೆ ಖರ್ಚೇ ಜಾಸ್ತಿ. ಅಂಥದ್ದನ್ನು ಸಾಮಾನ್ಯವಾಗಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಕಳಿಸುತ್ತಾರೆ. ನಮ್ಮ ರಾಜ್ಯದ ಹೆಚ್ಚಿನ ಸಿಮೆಂಟ್ ಕಾರ್ಖಾನೆಗಳು ಇರುವುದು ಕಲಬುರಗಿ, ಬಾಗಲಕೋಟೆ ಕಡೆ. ಕೊಡಗು ಇರುವುದು ರಾಜ್ಯದ ಇನ್ನೊಂದು ತುದಿಯಲ್ಲಿ. ಇಲ್ಲಿ ರೈಲೂ ಇಲ್ಲ. ಲಾರಿ ತುಂಬಿದರೂ ತೂಕ ಬರುವುದಿಲ್ಲ, ಅಷ್ಟು ಹಗುರ. ಒತ್ತಿ ಬಂಡಲ್ ಮಾಡಲು ಮಷೀನ್ ಬೇಕು, ಲಾರಿ ತುಂಬುವವರೆಗೆ ಕೂಡಿಡಲು ಒಣ ಜಾಗ ಬೇಕು. ಬಾಡಿಗೆ ಯಾರು ಕೊಡಬೇಕು? ಕಾಗದದ ಮೇಲೆ ಉತ್ತರ ಇದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಹಳ್ಳಿಗಳಿಗೂ ಅನ್ವಯಿಸುತ್ತವೆ, ಮಾಡಿ ಮಾರಿದ ಕಂಪನಿಗಳೂ ಹೊಣೆ ಹೊರಬೇಕು ಅನ್ನುತ್ತವೆ. 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ತಟ್ಟೆ, ಲೋಟ ದೇಶದಲ್ಲೇ ನಿಷೇಧ. ಚಿಪ್ಸ್ ಪ್ಯಾಕೆಟ್ ಆ ಪಟ್ಟಿಯಲ್ಲಿಲ್ಲ. ನಾನು ವಿಂಗಡಿಸಿದ ರಾಶಿಯಲ್ಲಿ ಸ್ಟ್ರಾ ಬೆರಳೆಣಿಕೆಯಷ್ಟು. ಚಿಪ್ಸ್ ಪ್ಯಾಕೆಟ್ ಮೂಟೆಗಟ್ಟಲೆ.

ಇದೆಲ್ಲ ಗೊತ್ತಾದ ಮೇಲೆ ಜನರಿಗೆ ಬುದ್ಧಿ ಹೇಳುವ ಉತ್ಸಾಹ ಇಳಿಯಿತು. ಕೊಡಿ ಅಂದರೆ ಕೊಡುವವರೇ ಜಾಸ್ತಿ. ತೊಳೆದು, ಒಣಗಿಸಿ, ಚೀಲದಲ್ಲಿ ಕಟ್ಟಿಟ್ಟು ಕಾಯುತ್ತಿದ್ದ ಮನೆಗಳನ್ನು ನೋಡಿದ್ದೇನೆ. ಘಟ್ಟದ ರಸ್ತೆಯಲ್ಲಿ ಕಸದ ಗಾಡಿ ಕೆಟ್ಟು ನಿಂತರೆ ವಾರ ಎರಡು ವಾರ ಯಾರೂ ಬರುವುದಿಲ್ಲ. ಆ ಚೀಲ ಕೊನೆಗೆ ಒಲೆಗೇ ಹೋಗುತ್ತದೆ. ಆ ಮನೆಯವರಿಗೆ "ಅರಿವು ಮೂಡಿಸುವ" ಕಾರ್ಯಕ್ರಮ ಯಾಕೆ? ಗಾಡಿಗೆ ಒಂದು ಟೈರ್ ಕೊಡಿಸಿದರೆ ಅದೇ ದೊಡ್ಡ ಕಾರ್ಯಕ್ರಮ. ಕೊನೆಯ ವರದಿಯಲ್ಲಿ ಇದನ್ನೇ ಬರೆದೆ, ಸ್ವಲ್ಪ ಮೆತ್ತಗೆ ಬರೆ ಅಂದರು. ಬರೆದೆ.

ಹಾಗಾಗಿ ಜೂನಿಯರ್‌ಗಳಿಗೆ ನಾನು ಹೇಳುವುದು: ಹೋಗಿ, ಆದರೆ ಮಳೆಗಾಲದಲ್ಲಿ ಹೋಗಿ. ಬೇಸಿಗೆಯಲ್ಲಿ ಎಲ್ಲ ಯೋಜನೆಗಳೂ ಚೆನ್ನಾಗಿಯೇ ಕಾಣುತ್ತವೆ. ರೇನ್‌ಕೋಟ್ ಒಳ್ಳೆಯದು ತಗೊಳ್ಳಿ, ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ. ಗಾಡಿ ಓಡಿಸುವವರ ಪಕ್ಕದ ಸೀಟು ಸಿಕ್ಕರೆ ಆಫೀಸಿನ ಕುರ್ಚಿ ಬಿಟ್ಟುಬಿಡಿ.

ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳುವುದಿಲ್ಲ. ಹೋದ ವರ್ಷ ಅವರ ತೋಟದಲ್ಲಿ ಗಿಡ ನೆಡುವಾಗ ಒಂದು ಖಾಲಿ ಗೊಬ್ಬರದ ಚೀಲ ಹಿಡಿದು ಹಿಂದೆ ಹಿಂದೆಯೇ ಹೋದೆ, ಕಪ್ಪು ಚೀಲ ಹೆಕ್ಕುತ್ತಾ. "ಇದಕ್ಕಾ ನೀನು ಓದಿದ್ದು" ಅಂದರು. ಮಧ್ಯಾಹ್ನದ ಹೊತ್ತಿಗೆ ಆಳುಗಳೇ ಚೀಲ ನನ್ನ ಕಡೆ ಎಸೆಯುತ್ತಿದ್ದರು. ಮೂರು ಮೂಟೆ ಆಯಿತು. ತೊಳೆದು ಇಟ್ಟಿದ್ದೇನೆ, ಮಣ್ಣು ಹಿಡಿದ ಪ್ಲಾಸ್ಟಿಕ್ ಗುಜರಿಯವರು ಮುಟ್ಟುವುದಿಲ್ಲ.

ಇನ್ನು ಅಜ್ಜಿಯ ಮೊದಲ ಪ್ರಶ್ನೆ. ನಮ್ಮ ಮನೆಯ ನೀರೊಲೆಯಲ್ಲೂ ಅಮ್ಮ ಹಾಲಿನ ಕವರ್ ಹಾಕುತ್ತಿದ್ದರು ಅಂತ ನನಗೆ ಹೊಳೆದದ್ದೇ ಆಮೇಲೆ. ಈ ಸಲ ಮಳೆ ಶುರುವಾಗುವ ಮುಂಚೆ ಅಪ್ಪ ಎರಡು ಮೂಟೆ ಒಣ ತೆಂಗಿನ ಸಿಪ್ಪೆ ಅಟ್ಟಕ್ಕೆ ಹಾಕಿದ್ದಾರೆ. ಒಂದು ಮೂಟೆ ಆಗಲೇ ಅರ್ಧ ಆಗಿದೆ. ಆಗಸ್ಟ್‌ವರೆಗೆ ಬರುತ್ತಾ ನೋಡಬೇಕು.