ಅಜ್ಜಿ ‘ಅಂದ್’ ಅಂದರೆ ಸಾಕೇ?

2024 ನವೆಂಬರ್ 21, ಗುರುವಾರ
ಕಾಸರಗೋಡು

ಮುಂದಿನ ವಾರ ಎರಡನೇ ವರ್ಷದ ನರ್ಸಿಂಗ್ ಮಕ್ಕಳಿಗೆ ಆಸ್ಕಿ (OSCE) ಪರೀಕ್ಷೆ, ಅಂದರೆ ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ. ಗುಳಿಗೆ ಕೊಡುವುದು ಅದರಲ್ಲಿ ಒಂದು ಸ್ಟೇಷನ್. ಇಷ್ಟು ವರ್ಷ ಚೆಕ್‌ಲಿಸ್ಟ್ ನಾನೇ ಬರೆದು ನನ್ನ ಫೈಲಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಯಾವುದಕ್ಕೆ ಎಷ್ಟು ಮಾರ್ಕ್ಸ್ ಅಂತ ಮಕ್ಕಳಿಗೆ ಗೊತ್ತೇ ಇರುತ್ತಿರಲಿಲ್ಲ. ಇವತ್ತು ಲ್ಯಾಬಿನಲ್ಲಿ ಬಿಳಿ ಹಾಳೆ ಹಂಚಿದೆ. “ನರ್ಸ್ ಏನೇನು ಮಾಡಿದರೆ ನಿಮ್ಮ ಅಮ್ಮನನ್ನು ಅವರ ಕೈಗೆ ಬಿಟ್ಟು ನೆಮ್ಮದಿಯಿಂದ ಮನೆಗೆ ಹೋಗ್ತೀರಿ? ನೀವೇ ಬರೆಯಿರಿ” ಅಂದೆ.

ಪುಸ್ತಕದಲ್ಲಿ ಇರುವುದೆಲ್ಲ ಬಂತು. ಕೈ ತೊಳೆಯುವುದು, ಚಾರ್ಟ್ ನೋಡುವುದು, ಅಲರ್ಜಿ ಕೇಳುವುದು, ಸರಿಯಾದ ರೋಗಿ, ಮದ್ದು, ಪ್ರಮಾಣ, ಸಮಯ, ನುಂಗುವ ತನಕ ಪಕ್ಕದಲ್ಲೇ ನಿಲ್ಲುವುದು, ಕೊಟ್ಟ ಮೇಲೆ ಬರೆದಿಡುವುದು. ಒಟ್ಟು 20 ಸಾಲು.

ಆಮೇಲೆ ಮಂಚದಿಂದ ಬೊಂಬೆಯನ್ನು ಎತ್ತಿ, ಪೆರ್ಲ ಕಡೆಯ ಒಬ್ಬ ಹುಡುಗಿಯನ್ನು ಮಲಗಿಸಿದೆ. ತುಳು ಬಿಟ್ಟು ಬೇರೆ ಭಾಷೆ ಬಾರದ, ಕಿವಿ ಮಂದವಾದ ಅಜ್ಜಿಯ ಹಾಗೆ ಇರು ಅಂತ ಗುಟ್ಟಾಗಿ ಹೇಳಿದ್ದೆ. ಇನ್ನೊಬ್ಬಳು ಟ್ರೇ ಹಿಡಿದು ಬಂದಳು. ಚೆನ್ನಾಗಿಯೇ ಮಾಡಿದಳು. “ಲಕ್ಷ್ಮಿಯಮ್ಮ ಅಲ್ವಾ?” ಅಂತ ಮಲಯಾಳದಲ್ಲಿ ಕೇಳಿದಳು. ಅಜ್ಜಿ “ಅಂದ್” ಅಂದಿತು, ತುಳುವಿನಲ್ಲಿ ಹೌದು ಅಂತ. ಗುಳಿಗೆ ಕೊಟ್ಟಾಯಿತು. ಅಜ್ಜಿಯ ಕೈಗೆ ಕಟ್ಟಿದ ಕೈಪಟ್ಟಿಯಲ್ಲಿ ಇದ್ದ ಹೆಸರು ಕಮಲಾ ಅಂತ!

ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ ಇದ್ದಾನೆ. ಅವನು ಹೇಳಿದ: “ಹೆಸರನ್ನು ನಾವು ಹೇಳಲೇಬಾರದು ಮೇಡಂ. ಅವರ ಬಾಯಿಂದಲೇ ಬರಬೇಕು. ನಮ್ಮ ಅಜ್ಜ ಡಾಕ್ಟರ್ ಏನು ಕೇಳಿದರೂ ಹೂಂ ಅಂತಾರೆ.” ಎಷ್ಟು ಸರಿಯಾದ ಮಾತು! ಬೋರ್ಡಿನ ಮೇಲೆ ತುಳುವಿನಲ್ಲಿ “ಈರೆನ ಪುದರ್ ದಾದ?” (ನಿಮ್ಮ ಹೆಸರೇನು?) ಅಂತ ಬರೆದೆವು. ಬ್ಯಾರಿ, ಮಲಯಾಳ, ಕನ್ನಡ, ಮರಾಠಿ ಗೊತ್ತಿದ್ದವರು ತಮ್ಮ ತಮ್ಮ ಸಾಲು ಸೇರಿಸಿದರು. ಕೈಪಟ್ಟಿ ಓದುವುದಕ್ಕೂ ಬೇರೆ ಸಾಲು ಬಂತು.

ಈಗ ಮಾರ್ಕ್ಸಿನ ಪ್ರಶ್ನೆ. ಆ ಹುಡುಗಿ ತಪ್ಪಿದ್ದು ಒಂದೇ ಸಾಲು. ನನ್ನ ಹಳೆಯ ಲೆಕ್ಕದಲ್ಲಿ 20ಕ್ಕೆ 19. ಆದರೆ ಮದ್ದು ಹೋದದ್ದು ಬೇರೆಯವರ ಹೊಟ್ಟೆಗೆ. ಹಾಗಾಗಿ ಕೆಲವು ಸಾಲಿಗೆ ನಕ್ಷತ್ರ ಹಾಕೋಣ ಅಂದೆ. ಅದು ತಪ್ಪಿದರೆ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಅಭ್ಯಾಸ ಮಾಡಿ ಆ ಸ್ಟೇಷನ್ ಇನ್ನೊಮ್ಮೆ ಮಾಡಬೇಕು. ಯಾವುದಕ್ಕೆ ನಕ್ಷತ್ರ ಅಂತ ಅರ್ಧ ಗಂಟೆ ಜಗಳವೇ ಆಯಿತು. ಕೈ ತೊಳೆಯುವುದಕ್ಕೆ ಬೇಡ ಅಂತ ನನ್ನ ಲೆಕ್ಕ. “ತಪ್ಪು ಗುಳಿಗೆಯಿಂದ ಒಬ್ಬರಿಗೆ ತೊಂದರೆ, ಕೊಳೆ ಕೈಯಿಂದ ಇಡೀ ವಾರ್ಡಿಗೆ” ಅಂದಳು ಒಬ್ಬಳು. ನಾನು ಒಪ್ಪಿಕೊಂಡೆ.

ಆಸ್ಕಿ ಹುಟ್ಟಿದ್ದೇ ಇಂಥ ಚಿಂತೆಯಿಂದ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಯವರು 1975ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೆ ಮೊದಲು ಒಬ್ಬರಿಗೆ ಸುಲಭದ ರೋಗಿ, ಇನ್ನೊಬ್ಬರಿಗೆ ಕಷ್ಟದ ರೋಗಿ, ಸಿಡುಕಿನ ಪರೀಕ್ಷಕರು. ಎಲ್ಲರಿಗೂ ಅದೇ ಸ್ಟೇಷನ್, ಅಷ್ಟೇ ಸಮಯ, ಅದೇ ಪಟ್ಟಿ ಅಂತ ಆದದ್ದು ಆಮೇಲೆ.

ಮಧ್ಯಾಹ್ನ ಡ್ರಿಪ್ ಲೆಕ್ಕ. ಸ್ಲೈಡ್ ಹಾಕಲಿಲ್ಲ. 500 ಎಂಎಲ್, 4 ಗಂಟೆ, ಒಂದು ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ? ಮೊದಲು ಒಬ್ಬೊಬ್ಬರೇ ಬರೆಯಬೇಕು, ಆಮೇಲೆ ಪಕ್ಕದವರನ್ನು ಒಪ್ಪಿಸಬೇಕು. ಸುಮಾರು ಜನ 125 ಅಂತ ಬರೆದರು. ಅದು ಗಂಟೆಗೆ ಎಷ್ಟು ಎಂಎಲ್ ಅನ್ನುವ ಲೆಕ್ಕ. ತಪ್ಪು ಅಂತ ನಾನು ಹೇಳಲಿಲ್ಲ. ಹಾಗೆ ಬಿಟ್ಟರೆ ಬಾಟಲಿ ಎಷ್ಟು ಹೊತ್ತಿಗೆ ಖಾಲಿ ಆಗ್ತದೆ ನೋಡಿ ಅಂದೆ. 80 ನಿಮಿಷ! ಅವರೇ ಬೆಚ್ಚಿಬಿದ್ದು 42ಕ್ಕೆ ಬಂದರು. ಇನ್ನು ಅವರು ಮರೆಯಲಿಕ್ಕಿಲ್ಲ.

ನನ್ನ ಮನಸ್ಸನ್ನು ಜಾಸ್ತಿ ಕೊರೆಯುವುದು ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಇಂಗ್ಲಿಷಿನಲ್ಲಿ ಪ್ರಶ್ನೆ ಬಂದ ಕೂಡಲೇ ಬಾಯಿ ಕಟ್ಟಿ ನಿಲ್ಲುತ್ತಾರೆ. ನಾನೂ ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲೇ ಓದಿದವಳು. ಆದರೂ ಎಷ್ಟೋ ಸಲ ಪಟಪಟ ಮಾತಾಡಿದವರಿಗೆ ಎರಡು ಮಾರ್ಕ್ಸ್ ಜಾಸ್ತಿ ಹಾಕಿದ್ದೇನೆ. ಅದು ಅನ್ಯಾಯ. ಈಗ ಇಂಟರ್ನಲ್‌ನಲ್ಲಿ ಮೊದಲು ನಿಮ್ಮ ಭಾಷೆಯಲ್ಲಿ ಹೇಳಿ ಅಂತೇನೆ, ಮಾರ್ಕ್ಸ್ ಹಾಕುತ್ತೇನೆ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸುತ್ತೇನೆ. ಯೂನಿವರ್ಸಿಟಿ ಪರೀಕ್ಷೆಗೆ ಅದೂ ಬೇಕಲ್ವಾ. ಉತ್ತರ ಪತ್ರಿಕೆಗಳಲ್ಲೂ ಹೆಸರು ಮಡಚಿಟ್ಟು, ಎಲ್ಲರ ಮೊದಲನೇ ಉತ್ತರ ಮುಗಿಸಿಯೇ ಎರಡನೆಯದಕ್ಕೆ ಹೋಗುತ್ತೇನೆ. ಒಂದು ಒಳ್ಳೆ ಉತ್ತರ ಓದಿದ ಖುಷಿ ಮುಂದಿನದಕ್ಕೂ ಮಾರ್ಕ್ಸ್ ಹಾಕಿಸುತ್ತದೆ, ಅದನ್ನು ನನ್ನಲ್ಲೇ ನೋಡಿದ್ದೇನೆ.

ಸಂಜೆ ಎಲ್ಲರೂ ಹೋದ ಮೇಲೆ ಟ್ರೇ ಹಿಡಿದಿದ್ದ ಹುಡುಗಿ ಬಂದಳು. “ಮೇಡಂ, ಇನ್ನೊಮ್ಮೆ ಮಾಡ್ಲಾ?” ನಾನೇ ಮಂಚದಲ್ಲಿ ಮಲಗಿದೆ. ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ಹೆಸರು ಕೇಳಿದಳು, ಕೈಪಟ್ಟಿ ಓದಿದಳು.

ಚೆಕ್‌ಲಿಸ್ಟ್ ಟೈಪ್ ಮಾಡಿ ಗ್ರೂಪಿಗೆ ಹಾಕಿದ್ದೇನೆ. ತುಳು ಸಾಲಿನಲ್ಲಿ ಒಂದು ಅಕ್ಷರ ತಪ್ಪಿದೆಯಂತೆ. ಪೆರ್ಲದವಳು ನಾಳೆ ಬೆಳಗ್ಗೆ ಬೇಗ ಬಂದು ತಿದ್ದಿ ಕೊಡ್ತೇನೆ ಅಂದಿದ್ದಾಳೆ. ಆಮೇಲೆ ಪ್ರಿಂಟ್.